ಎಂಟನೇ ಕ್ಲಾಸು ಕೊಡಿ, ಹತ್ತನೆಯದು ಬೇಡ

ಇಂಟರ್ನ್‌ಶಿಪ್ಪಿಗೆ ಬಿ.ಎಡ್. ಮಕ್ಕಳು ಬರುತ್ತಾರಂತೆ ಎಂಬ ಸುದ್ದಿ ಮುಟ್ಟಿದ ದಿನ ನಮ್ಮ ಕಡೆಯ ಪ್ರೌಢಶಾಲೆಗಳ ಸ್ಟಾಫ್‌ರೂಮಿನಲ್ಲಿ ನಡೆಯುವ ಚರ್ಚೆ ಒಂದೇ: ಅವರಿಗೆ ಯಾವ ಕ್ಲಾಸು ಕೊಡುವುದು? ಉತ್ತರ ಮೊದಲೇ ಸಿದ್ಧವಿರುತ್ತದೆ. ಎಂಟನೆಯದು ಕೊಡಿ. ತೀರಾ ಒತ್ತಾಯ ಮಾಡಿದರೆ ಒಂಬತ್ತು. ಹತ್ತನೆಯದರ ಹೊಸ್ತಿಲು ಮಾತ್ರ ತುಳಿಯುವುದು ಬೇಡ. ಹೀಗೆ ಹೇಳುವ ಹೆಡ್‌ಮಾಸ್ಟ್ರು ಕೆಟ್ಟವರೇನಲ್ಲ. ಅವರ ತಲೆಯ ಮೇಲೆ ಜಿಲ್ಲೆಯ ಫಲಿತಾಂಶ ಕೂತಿದೆ. 2024ರಲ್ಲಿ ಉಡುಪಿ ಶೇ. 94 ಫಲಿತಾಂಶದೊಂದಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು. ಮರುವರ್ಷ ದಕ್ಷಿಣ ಕನ್ನಡ ಮೇಲೇರಿತು, ಉಡುಪಿ ಎರಡನೆಯದಾಯಿತು. ಎರಡನೆಯ ಸ್ಥಾನ ಇಲ್ಲಿ ಯಾವ ಮಟ್ಟದ ಅವಮಾನ ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅತ್ತ ಬಿ.ಎಡ್. ಕಾಲೇಜಿನವರ ಲೆಕ್ಕವೇ ಬೇರೆ. ಅವರಿಗೆ ಕ್ಲಾಸು ಯಾವುದಾದರೂ ಆದೀತು, ಶಾಲೆ ಯಾವುದಾದರೂ ಆದೀತು, ವಾರ ಭರ್ತಿಯಾಗಬೇಕು. ಹಾಜರಿ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರ ರುಜು ಮತ್ತು ಮೊಹರು ಬಿದ್ದರೆ ಇಂಟರ್ನ್‌ಶಿಪ್ ಮುಗಿಯಿತು. ಈ ಎರಡು ಲೆಕ್ಕಗಳ ಹಿಂದೆ ಇರುವುದು ಒಂದೇ ನಂಬಿಕೆ. ಪಾಠ ಮಾಡುವುದು ಒಂದು ಕೈಚಳಕ, ಅದನ್ನು ಯಾವುದೋ ಊರಿನ ಯಾವುದೋ ಮಕ್ಕಳ ಮೇಲೆ ಇಂತಿಷ್ಟು ದಿನ ಅಭ್ಯಾಸ ಮಾಡಿ ಕೈವಶ ಮಾಡಿಕೊಂಡರೆ ಆಮೇಲೆ ಬೀದರಿನಲ್ಲೂ ಬೈಂದೂರಿನಲ್ಲೂ ನಡೆಯುತ್ತದೆ ಎಂಬ ನಂಬಿಕೆ. ಇಲಾಖೆ, ವಿಶ್ವವಿದ್ಯಾಲಯ, ಪೋಷಕರು, ಕಡೆಗೆ ಪ್ರಶಿಕ್ಷಣಾರ್ಥಿಗಳೂ ಇದನ್ನು ಒಪ್ಪಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಕೆಲವು ನಿರ್ದಿಷ್ಟ ಮಕ್ಕಳು ಕಲಿತರೋ ಇಲ್ಲವೋ ಎಂಬುದಕ್ಕೆ ಉತ್ತರ ಕೊಡುವ ಹೊಣೆ ಹೊರದೆ ಯಾರೂ ಶಿಕ್ಷಕರಾಗುವುದಿಲ್ಲ. ಆ ಹೊಣೆ ಇಲ್ಲದಿದ್ದರೆ ನಾಲ್ಕು ವಾರವೂ ಅಷ್ಟೇ, ನಲವತ್ತು ವಾರವೂ ಅಷ್ಟೇ.

ವಾರಗಳ ಈ ವ್ಯಾಮೋಹಕ್ಕೊಂದು ಚರಿತ್ರೆ ಇದೆ. ಒಂದು ವರ್ಷದ ಬಿ.ಎಡ್. ಇದ್ದ ಕಾಲದಲ್ಲಿ ಎಣಿಸುತ್ತಿದ್ದದ್ದು ಪಾಠಗಳನ್ನು: ಒಂದೊಂದು ವಿಷಯಕ್ಕೆ 20ರಂತೆ 40 ಪಾಠ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಾವಳಿ ಹೊರಡಿಸಿತು. 2015–16ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲಾ ಅನುಭವ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ, ಒಟ್ಟು 20 ವಾರ. ಇಂಟರ್ನ್‌ಶಿಪ್ಪಿಗೆ ಶೇ. 90 ಹಾಜರಿ ಕಡ್ಡಾಯ. ಆಮೇಲೆ 2020ರ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಸಂಯೋಜಿತ ಪದವಿಯೇ ಮುಂದಿನ ದಾರಿ ಎಂದಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ, 1963ರಲ್ಲಿ ಶುರುವಾದ ಆ ಸಂಸ್ಥೆಯ ಗುರುತೇ ನಾಲ್ಕು ವರ್ಷದ ಕೋರ್ಸು. 2025ರಲ್ಲಿ ಪರಿಷತ್ತು ಇನ್ನೊಂದು ಕರಡು ಹೊರಡಿಸಿ, ಅರ್ಹತೆ ಇದ್ದವರಿಗೆ ಒಂದು ವರ್ಷದ ಬಿ.ಎಡ್. ಮತ್ತೆ ತರುವ ಮಾತಾಡಿತು. ಒಂದು, ಎರಡು, ನಾಲ್ಕು, ಮತ್ತೆ ಒಂದು. ಪ್ರತಿ ಬಾರಿಯೂ ಪತ್ರಿಕೆಗಳಲ್ಲಿ ವಾದ ನಡೆದದ್ದು ಅವಧಿಯ ಮೇಲೆ.

ಆ ವಾರಗಳಲ್ಲಿ ನಡೆಯುವುದೇನು? ಅಣು ಬೋಧನೆಯ ಕಡತ, ಪಾಠ ಯೋಜನೆಯ ಕಡತ, ಸಹಪಾಠಿ ಅವಲೋಕನದ ಕಡತ, ಘಟಕ ಪರೀಕ್ಷೆಯ ನೀಲನಕ್ಷೆ, ಕ್ರಿಯಾ ಸಂಶೋಧನೆ ಎಂಬ ಹೆಸರಿನಲ್ಲಿ ಹಿಂದಿನ ಬ್ಯಾಚಿನವರಿಂದ ಇಸಕೊಂಡ ಹತ್ತಿಪ್ಪತ್ತು ಪುಟ. ಹಿಂದೆ ಹರ್ಬಾರ್ಟನ ಹೆಸರಿನ ಐದು ಹಂತಗಳಲ್ಲಿ ಬರೆಯುತ್ತಿದ್ದ ಪಾಠ ಯೋಜನೆಯನ್ನು ಈಗ ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗಿನ ಇನ್ನೊಂದು ಐದು ಮೆಟ್ಟಿಲಲ್ಲಿ ಬರೆಯುತ್ತಾರೆ. ಎರಡರಲ್ಲೂ ಶಿಕ್ಷಕರ ಚಟುವಟಿಕೆಗೊಂದು ಕಾಲಂ, ವಿದ್ಯಾರ್ಥಿಯ ಚಟುವಟಿಕೆಗೊಂದು ಕಾಲಂ. ವಿದ್ಯಾರ್ಥಿ ಏನು ಉತ್ತರ ಕೊಡುತ್ತಾನೆ ಎಂಬುದನ್ನು ಹಿಂದಿನ ರಾತ್ರಿಯೇ ಹಾಸ್ಟೆಲಿನಲ್ಲಿ ಕೂತು ಬರೆದಾಗಿರುತ್ತದೆ. ಎಷ್ಟೋ ಮಾಸ್ಟ್ರುಗಳ ವೃತ್ತಿಜೀವನದ ಮೊದಲ ಸುಳ್ಳು ಇದೇ ಇರಬೇಕು, ಅದಕ್ಕೆ ಅಂಕವೂ ಸಿಗುತ್ತದೆ.

ಕುಂದಾಪುರದ ಒಳಭಾಗದ ಶಂಕರನಾರಾಯಣದ ಆಸುಪಾಸಿನ ಒಂದು ಹತ್ತನೇ ತರಗತಿ ಎಂದು ಇಟ್ಟುಕೊಳ್ಳೋಣ. ಶಾಲೆ ತೆರೆದು ಮೊದಲ ಮಳೆ ಬಿದ್ದ ಹೊತ್ತು. ವಿಜ್ಞಾನದ ಪುಸ್ತಕದ ಮೊದಲ ಅಧ್ಯಾಯ ರಾಸಾಯನಿಕ ಕ್ರಿಯೆಗಳದ್ದು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟರೆ ಮೊಳೆಗೆ ಕಂದು ಬಣ್ಣ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಸ್ಥಾನಪಲ್ಲಟ ಕ್ರಿಯೆ. ಪ್ರಶಿಕ್ಷಣಾರ್ಥಿ ಬಂದರೆ ಇದಕ್ಕೊಂದು ಚಾರ್ಟ್ ಬರುತ್ತದೆ: ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಎರಡು ಪ್ರನಾಳ, ಕೆಳಗೆ ಸಮೀಕರಣ, ಮೂಲೆಯಲ್ಲಿ ಅವರ ಹೆಸರು ಮತ್ತು ರೋಲ್ ನಂಬರ್.

ಅದೇ ವಾರ ಊರಿನ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತೇ ತಾಮ್ರದ ಸಲ್ಫೇಟ್. ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ ಆಮೇಲೆ ಬೆರೆಸಬೇಕು, ಕಬ್ಬಿಣದ ಪಾತ್ರೆ ಕೂಡದು. ಬೆರೆಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಅದ್ದಿ ನೋಡುವುದು ವಾಡಿಕೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಆ ಕೆಂಪು ಬೇರೇನೂ ಅಲ್ಲ, ಕಬ್ಬಿಣ ದ್ರಾವಣಕ್ಕೆ ಹೋಗಿ ಅದರ ಜಾಗದಲ್ಲಿ ಕೂತ ತಾಮ್ರ. ಪಾಠಪುಸ್ತಕದ ಮೊಳೆ ಮಾಡುವ ಕೆಲಸವನ್ನೇ ತೋಟದ ಕತ್ತಿ ಮಾಡುತ್ತದೆ.

ಹಿಂದಿನ ಬೆಂಚಿನ ಹುಡುಗನಿಗೆ ಸಮೀಕರಣ ಸರಿದೂಗಿಸಲು ಬಾರದು, ಇದು ಮಾತ್ರ ಚೆನ್ನಾಗಿ ಗೊತ್ತು. "ಮದ್ದ್ ಮಾಡುವತಿಗೆ ಅಪ್ಪಯ್ಯ ಕತ್ತಿ ಅದ್ದಿ ಕಾಂತ್ರ್, ಟೀಚರ್" ಎಂದು ಅವನು ಹೇಳಬಲ್ಲ. ಹೇಳುವುದಿಲ್ಲ. ಯಾಕೆಂದರೆ ಯಾರೂ ಕೇಳುವುದಿಲ್ಲ. ವಿದ್ಯಾರ್ಥಿಯ ಚಟುವಟಿಕೆಯ ಕಾಲಂ ಹಾಸ್ಟೆಲಿನಲ್ಲೇ ತುಂಬಿದೆ. ಕೇಳಿದರೂ ಎರಡು ವಾರದ ಅತಿಥಿಗೆ ಅವನು ಬಾಯಿ ಬಿಡುವುದಿಲ್ಲ. ಬಿಟ್ಟರೂ ಕುಂದಾಪ್ರ ಕನ್ನಡದ ಆ ಒಂದು ವಾಕ್ಯ ದಾವಣಗೆರೆಯಿಂದಲೋ ಹಾಸನದಿಂದಲೋ ಬಂದವರಿಗೆ ದಕ್ಕಬೇಕು. ಆಮೇಲೂ ಒಂದು ಕೆಲಸ ಉಳಿಯುತ್ತದೆ. ಅಪ್ಪನ ಕತ್ತಿಯಿಂದ ಸಮೀಕರಣದವರೆಗೆ ಆ ಹುಡುಗನನ್ನು ಕೈಹಿಡಿದು ಕರೆತರುವುದು, ಅದು ಒಂದು ಪೀರಿಯಡ್ಡಿನಲ್ಲಿ ಆಗುವಂಥದಲ್ಲ. ಪಾಠ ಮಾಡುವುದು ಎಂದರೆ ಇಷ್ಟೂ ಕೆಲಸ. ಇದರಲ್ಲಿ ಯಾವ ತುಂಡೂ ಎಂಟನೇ ತರಗತಿಯ ಖಾಲಿ ಪೀರಿಯಡ್ಡಿನಲ್ಲಿ ಚಾರ್ಟ್ ತೂಗುಹಾಕಿ ಬಂದವರಿಗೆ ಸಿಗುವುದಿಲ್ಲ.

ಪಾಠಕ್ಕೆ ಒದಗುವ ಇಂಥ ಸಂಗತಿಗಳು ಆ ಊರಿನ ರಸ್ತೆಯುದ್ದಕ್ಕೂ ಇವೆ. ಶಂಕರನಾರಾಯಣದಿಂದ ಸಿದ್ದಾಪುರ ದಾಟಿ ಘಟ್ಟದ ಬುಡಕ್ಕೆ ಹೋದರೆ ಹೊಸಂಗಡಿಯಲ್ಲಿ ವಾರಾಹಿಯ ಭೂಗತ ವಿದ್ಯುದಾಗಾರ, 115 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 460 ಮೆಗಾವಾಟ್. ಹಾಲಾಡಿಯ ಕಡೆ ಇಳಿದು ಕುಂದಾಪುರದತ್ತ ಹೋದರೆ ಬಸರೂರು, ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದು ಅಕ್ಕಿಗಾಗಿ ಕಣ್ಣಿಟ್ಟಿದ್ದ ಬಂದರು, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಲೂಟಿ ಮಾಡಿಹೋದ ಪೇಟೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿ ಮಾತ್ರ ಯುರೋಪಿಯನ್ನರ ಆಗಮನಕ್ಕೆ ವಾಸ್ಕೋ ಡ ಗಾಮನ ಚಿತ್ರ ಅಂಟಿಸಿದ ಚಾರ್ಟನ್ನೇ ತರುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆ ಊರು ಅವರಿಗೆ ಗೊತ್ತಾಗುವಷ್ಟು ದಿನ ಅವರನ್ನು ಅಲ್ಲಿ ಇರಗೊಟ್ಟವರು ಯಾರು?

ಕೈಚಳಕ ಎಲ್ಲಿ ಬೇಕಾದರೂ ನಡೆಯುತ್ತದೆ ಎನ್ನುವವರು ಒಮ್ಮೆ ಕಾಸರಗೋಡಿನ ಕಡೆ ತಿರುಗಿ ನೋಡಲಿ. ಅಲ್ಲಿಯ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗೆಲ್ಲ ಮಕ್ಕಳು, ಪೋಷಕರು ಬೀದಿಗಿಳಿದಿದ್ದಾರೆ. ಹಾಗೆ ಬಂದವರ ಬಳಿ ಬಿ.ಎಡ್. ಇತ್ತು, ವಿಷಯಜ್ಞಾನವೂ ಇತ್ತು. ಕ್ಲಾಸಿನಲ್ಲಿ ಕೂತ ಮಕ್ಕಳ ದಾರಿ ಗೊತ್ತಿರಲಿಲ್ಲ, ಅಷ್ಟೆ. ಅದು ತುಂಬ ಎದ್ದು ಕಾಣುವ ಪ್ರಕರಣವಾದ್ದರಿಂದ ನಮಗೆ ಸಿಟ್ಟು ಬರುತ್ತದೆ. ಕುಂದಾಪುರದ ಒಳಭಾಗದಲ್ಲಿ ಭಾಷೆ ಕನ್ನಡವೇ ಆಗಿರುವುದರಿಂದ ಅದೇ ದೂರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

"ಪಾಠ ಮಾಡುವುದು ಹುಟ್ಟಿನಿಂದ ಬರಬೇಕು ಮಾರಾಯ್ರೆ, ಕಾರಂತರು ಯಾವ ಬಿ.ಎಡ್. ಮಾಡಿದ್ದರು?" ಎಂದು ಕೇಳುವವರಿಗೂ ನಮ್ಮಲ್ಲಿ ಬರವಿಲ್ಲ. ಕೋಟದ ಶಿವರಾಮ ಕಾರಂತರು ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಹೋದವರು, ನಿಜ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ಮಾಡುತ್ತ, ಅವರಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದವರೂ ಅವರೇ. ಅದನ್ನು ಹುಟ್ಟುಗುಣ ಎಂದು ಕೈತೊಳೆದುಕೊಳ್ಳುವುದು ಅವರ ದುಡಿಮೆಗೆ ಮಾಡುವ ಅನ್ಯಾಯ.

ಈಗ ಹೆಡ್‌ಮಾಸ್ಟ್ರ ಆತಂಕಕ್ಕೆ ಬರೋಣ, ಈ ವಿವಾದದಲ್ಲಿ ನಿಜವಾಗಿ ತೂಕವಿರುವ ವಾದ ಅದೊಂದೇ. ಹತ್ತನೇ ತರಗತಿಯ ಮಕ್ಕಳಿಗೆ ಆ ವರ್ಷ ಮತ್ತೆ ಬರುವುದಿಲ್ಲ. ಕಲಿಯುವವರ ಕೈಗೆ ಅವರನ್ನು ಒಪ್ಪಿಸುವುದು ತಪ್ಪು. ಒಪ್ಪಿದೆ. ಆದರೆ ಇಡೀ ತರಗತಿಯನ್ನು ಒಪ್ಪಿಸಿ ಎಂದು ಹೇಳಿದವರು ಯಾರು? ಡಿಸೆಂಬರ್ ಬಂತೆಂದರೆ ಇದೇ ಶಾಲೆಗಳಲ್ಲಿ ಹಿಂದುಳಿದ ಮಕ್ಕಳ ಪಟ್ಟಿಯಾಗುತ್ತದೆ. ಒಬ್ಬೊಬ್ಬ ಶಿಕ್ಷಕರು ನಾಲ್ಕೈದು ಮಕ್ಕಳನ್ನು ‘ದತ್ತು’ ಪಡೆಯುತ್ತಾರೆ, ಸಂಜೆ ವಿಶೇಷ ತರಗತಿ ನಡೆಯುತ್ತದೆ, ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಜೆರಾಕ್ಸ್ ಹಾಳೆ ಹಂಚಿಕೆಯಾಗುತ್ತದೆ. ನಕ್ಷೆ ಬಿಡಿಸು, ರೇಖಾಚಿತ್ರ ಬಿಡಿಸು, ಇಷ್ಟು ಪ್ರಶ್ನೆ ಬಾಯಿಪಾಠ ಮಾಡು, ದಾಟಿಕೊ. ಫಲಿತಾಂಶದ ಜಿಲ್ಲೆ ಎಂಬ ಹೆಗ್ಗಳಿಕೆಯಲ್ಲಿ ಈ ಹಾಳೆಗಳ ಪಾಲು ಎಷ್ಟು ಎಂದು ನಾವು ಕೇಳಿಕೊಳ್ಳುವುದಿಲ್ಲ. ಜೂನಿನಲ್ಲಿ ಹಿಂದಿನ ಬೆಂಚಿನ ಆ ಹುಡುಗನ ಪಕ್ಕ ಯಾರಾದರೂ ಕೂತಿದ್ದರೆ ಡಿಸೆಂಬರಿನ ಹಾಳೆ ಬೇಕಾಗುತ್ತಿತ್ತೇ? ಕೂರಲು ಹಿರಿಯ ಶಿಕ್ಷಕರಿಗೆ ಪುರಸೊತ್ತಿಲ್ಲ. ಪುರಸೊತ್ತು ಇರುವ, ಕಲಿಯಬೇಕಾದ ಒಬ್ಬರನ್ನು ನಾವು ಎಂಟನೇ ತರಗತಿಗೆ ಅಟ್ಟಿದ್ದೇವೆ, ಅದೂ ರಜೆಯಲ್ಲಿರುವವರ ಪೀರಿಯಡ್ಡಿಗೆ, ಗಲಾಟೆಯಾಗದಂತೆ ನೋಡಿಕೊಳ್ಳಲು.

ಈ ಸೀಮೆಗೆ ಹೊಸಬರನ್ನು ತಿದ್ದುವ ಕಲೆ ಗೊತ್ತಿಲ್ಲವೆಂದಲ್ಲ. ಬಡಗುತಿಟ್ಟಿನ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ಕರ್ಣನ ವೇಷ ಕಟ್ಟುವುದಿಲ್ಲ. ಕೋಡಂಗಿಯಾಗಿ ಕುಣಿಯುತ್ತಾನೆ, ಬಾಲಗೋಪಾಲನಾಗುತ್ತಾನೆ, ಪೀಠಿಕೆಯ ಸ್ತ್ರೀವೇಷ ಹಾಕುತ್ತಾನೆ. ಆದರೆ ಮೊದಲ ರಾತ್ರಿಯಿಂದಲೂ ಅವನು ನಿಲ್ಲುವುದು ಅದೇ ರಂಗಸ್ಥಳದಲ್ಲಿ, ಅದೇ ಭಾಗವತರ ಮುಂದೆ, ನಿಜವಾದ ಪ್ರೇಕ್ಷಕರ ಎದುರು. ಹೆಜ್ಜೆ ತಪ್ಪಿದರೆ ಚೌಕಿಯಲ್ಲಿ ಹಿರಿಯರು ಅದೇ ರಾತ್ರಿ ಹೇಳುತ್ತಾರೆ, ಕೆಲವೊಮ್ಮೆ ಬೈದೇ ಹೇಳುತ್ತಾರೆ. ಪಾತ್ರ ಸಣ್ಣದು, ಆಟ ಮಾತ್ರ ಪೂರ್ತಿ ಆಟ. ನಮ್ಮ ಪ್ರಶಿಕ್ಷಣಾರ್ಥಿಗೆ ಸಿಗುವುದು ತಲೆಕೆಳಗು: ಮೊದಲ ದಿನವೇ ಪೂರ್ತಿ ವೇಷ, ಪೂರ್ತಿ ಪೀರಿಯಡ್, ಆಟ ಮಾತ್ರ ಸುಳ್ಳು. ಅವರ ಪಾಠ ಮುಗಿದ ಮೇಲೆ ತರಗತಿಯ ಶಿಕ್ಷಕರು ಬಂದು ಅದೇ ಪಾಠವನ್ನು ಇನ್ನೊಮ್ಮೆ ಮಾಡುತ್ತಾರೆ ಎಂಬುದು ಮಕ್ಕಳಿಗೂ ಗೊತ್ತು.

ವಾರ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಜಪಾನಿನ ಉದಾಹರಣೆ ಇರಿಸುಮುರಿಸು ತಂದೀತು. ಅಲ್ಲಿ ಪದವಿಯ ಹಂತದಲ್ಲಿ ಶಾಲಾ ಅಭ್ಯಾಸ ಕೆಲವೇ ವಾರ, ನಮ್ಮ 20 ವಾರಗಳ ಮುಂದೆ ಏನೂ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷವನ್ನೇ ತರಬೇತಿಯ ವರ್ಷವೆಂದು 1989ರಿಂದ ಜಾರಿಗೆ ತಂದರು. ಹೊಸಬರ ಬೆನ್ನಿಗೆ ಹಿರಿಯರೊಬ್ಬರನ್ನು ನಿಲ್ಲಿಸಿದರು. ಶಿಕ್ಷಕರು ಒಂದೆಡೆ ಕೂತು ಒಂದು ಪಾಠ ಹೊಸೆದು, ಒಬ್ಬರು ಮಾಡುವಾಗ ಉಳಿದವರು ನೋಡುವ ಪದ್ಧತಿ ಅಲ್ಲಿ ಅದಕ್ಕೂ ಹಳೆಯದು. ಹಾಗೆ ನೋಡುವಾಗ ಅವರ ಕಣ್ಣು ಇರುವುದು ಮಕ್ಕಳ ಮೇಲೆ. ಯಾವ ಮಗು ಎಲ್ಲಿ ತಡವರಿಸಿತು, ಯಾವ ಮಗುವಿನ ಪೆನ್ಸಿಲು ಯಾವಾಗ ನಿಂತಿತು ಎಂದು ಬರೆದುಕೊಳ್ಳುತ್ತಾರೆ. ನಮ್ಮ ವೀಕ್ಷಣಾ ಹಾಳೆಯಲ್ಲಿ ಧ್ವನಿಯ ಏರಿಳಿತ, ಕಪ್ಪುಹಲಗೆಯ ಬಳಕೆ, ಉಡುಪು, ಆತ್ಮವಿಶ್ವಾಸ ಎಲ್ಲಕ್ಕೂ ಒಂದೊಂದು ಗೆರೆ ಇರುತ್ತದೆ. ಮಕ್ಕಳಿಗೆ ಒಂದು ಗೆರೆಯಾದರೂ ಇದೆಯೇ ಎಂದು ಹುಡುಕಬೇಕು.

ಒಳನಾಡಿನ ಶಾಲೆಗೆ ಕಳಿಸಿ ಎಂದ ಕೂಡಲೇ ಇನ್ನೊಂದು ತಗಾದೆ ಏಳುತ್ತದೆ, ಅದು ಪ್ರಶಿಕ್ಷಣಾರ್ಥಿಗಳದ್ದು. ಬಸ್ಸಿನ ಚಾರ್ಜು ಯಾರು ಕೊಡುತ್ತಾರೆ? ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆಯಾಯಿತು. ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ನಮ್ಮ ದಾರಿಗಳಲ್ಲಿ ಅದರ ಲಾಭ ಅಷ್ಟಕ್ಕಷ್ಟೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರುವುದು ಕೆಲವೊಮ್ಮೆ ಬಸ್ ಹತ್ತಿದ ಮೇಲೆ ಗೊತ್ತಾಗುತ್ತದೆ. ಇದು ನ್ಯಾಯವಾದ ತಗಾದೆ. ಫೀಸು ಕಟ್ಟಿ ಓದುವವರಿಂದ ಸಂಬಳವಿಲ್ಲದ ದುಡಿಮೆ ಮಾಡಿಸಿಕೊಂಡು, ಬಸ್ಸಿನ ದುಡ್ಡೂ ಅವರದ್ದೇ ಎನ್ನುವುದು ನಾಚಿಕೆಗೇಡು. ಅಷ್ಟೇ ನಾಚಿಕೆಗೇಡಿನದು ಇನ್ನೊಂದಿದೆ. ಹುದ್ದೆ ಖಾಲಿ ಇದೆ, ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ, ಬಿ.ಎಡ್.ನವರು ಬಂದಿದ್ದಾರಲ್ಲ, ನಡೆಯಲಿ ಎನ್ನುವ ಏರ್ಪಾಡು. ಹೊಣೆ ಕೊಡಿ ಎಂದು ನಾನು ಕೇಳುತ್ತಿರುವುದನ್ನು ಇದರೊಂದಿಗೆ ಕಲಸಬೇಡಿ. ತಿದ್ದುವವರಿಲ್ಲದ ಕಡೆ ಹೊಣೆ ಹೊರಿಸಿದರೆ ಕೆಡುವುದು ಇಬ್ಬರೂ, ಮಕ್ಕಳೂ ಪ್ರಶಿಕ್ಷಣಾರ್ಥಿಯೂ. ಆ ವಿಷಯದ ಕಾಯಂ ಶಿಕ್ಷಕರಿಲ್ಲದ ಶಾಲೆಗೆ ಆ ವಿಷಯದ ಪ್ರಶಿಕ್ಷಣಾರ್ಥಿಯನ್ನು ಕಳಿಸಲೇಬಾರದು. ಇರುವ ಕಡೆ, ಆ ಮಾರ್ಗದರ್ಶಕ ಶಿಕ್ಷಕರ ವಾರದ ಪೀರಿಯಡ್ಡುಗಳಲ್ಲಿ ಎರಡನ್ನಾದರೂ ಕಡಿಮೆ ಮಾಡಬೇಕು. ಈಗ ಅವರಿಗೆ ಸಿಗುವುದು ಬೀಳ್ಕೊಡುಗೆಯ ದಿನ ಒಂದು ಪೆನ್ನು ಮತ್ತು ಗ್ರೂಪ್ ಫೋಟೋದಲ್ಲಿ ಕುರ್ಚಿ.

ಹಾಗಾದರೆ ಆಗಬೇಕಾದ್ದೇನು? ಒಂದು ಶಾಲೆಗೆ ಇಬ್ಬರು, ಹೆಚ್ಚೆಂದರೆ ಮೂವರು. ಹತ್ತು ಜನರ ತಂಡ ಪಟ್ಟಣದ ದೊಡ್ಡ ಶಾಲೆಗೆ ನುಗ್ಗುವ ಬದಲು ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ, ಅಮಾಸೆಬೈಲಿನ ಕಡೆಗೆ ಇಬ್ಬಿಬ್ಬರಾಗಿ ಹಂಚಿಹೋಗಲಿ. ಒಬ್ಬೊಬ್ಬರಿಗೆ ಹತ್ತನೇ ತರಗತಿಯ ಆರು ಮಕ್ಕಳು, ಒಂದೇ ವಿಷಯ. ಪಾಠ ಮಾಡುವವರು ಶಿಕ್ಷಕರೇ. ಪ್ರಶಿಕ್ಷಣಾರ್ಥಿ ಆ ಆರು ಜನರ ನೋಟ್ಸು ನೋಡಲಿ, ತಪ್ಪು ಎಲ್ಲಿಂದ ಹುಟ್ಟಿತೆಂದು ಬೆನ್ನಟ್ಟಲಿ, ಅವರ ಮನೆಯ ದಾರಿ ತಿಳಿದುಕೊಳ್ಳಲಿ, ಕಾಲುಸಂಕ ದಾಟಿ ಬರುವವಳು ಯಾರು, ಆಟ ನೋಡಿ ಬಂದು ತೂಕಡಿಸುವವನು ಯಾರು ಎಂಬುದು ಗೊತ್ತಿರಲಿ. ತಿಂಗಳು ಕಳೆದ ಮೇಲೆ ಇಡೀ ತರಗತಿಗೆ ಒಂದು ಪಾಠ, ಆಮೇಲೆ ಒಂದು ಘಟಕ. ಕೊನೆಯಲ್ಲಿ ಅಂಕ ಕೊಡುವಾಗ ಕಾಲೇಜಿನವರು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದದ್ದು ಆ ಆರು ಮಕ್ಕಳ ಜೂನಿನ ನೋಟ್‌ಪುಸ್ತಕ, ಅಕ್ಟೋಬರಿನ ನೋಟ್‌ಪುಸ್ತಕ, ಮತ್ತು ಎರಡರ ನಡುವೆ ಏನಾಯಿತೆಂದು ಪ್ರಶಿಕ್ಷಣಾರ್ಥಿ ಬರೆದ ದಿನಚರಿ. ಚಾರ್ಟುಗಳು ಮನೆಯಲ್ಲೇ ಇರಲಿ.

ಇದಕ್ಕೆ ನಿಯಮ ಅಡ್ಡಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರಿಷತ್ತಿನ 2014ರ ಚೌಕಟ್ಟೇ ಇಂಟರ್ನ್‌ಶಿಪ್ಪನ್ನು ಇಂತಿಷ್ಟು ಪಾಠ ಒಪ್ಪಿಸುವ ಕೆಲಸಕ್ಕೆ ಇಳಿಸಬಾರದು ಎಂದಿದೆ. ಮೊದಲ ಒಂದು ವಾರ ಕೂತು ನೋಡುವುದಕ್ಕೇ ಮೀಸಲಿಟ್ಟಿದೆ. ಸಾಧ್ಯವಾದರೆ 16 ವಾರವೂ ಒಂದೇ ಶಾಲೆಯಲ್ಲಿ ಎಂದೂ ಹೇಳಿದೆ. ಅಡ್ಡ ಬರುವುದು ಒಂದೇ, ವೇಳಾಪಟ್ಟಿ. ಬಿ.ಎಡ್. ಪ್ರವೇಶದ ಸುತ್ತುಗಳು ಎಳೆದಾಡಿ, ಸೆಮಿಸ್ಟರ್ ಜಾರಿ, ಪ್ರಶಿಕ್ಷಣಾರ್ಥಿ ಶಾಲೆಗೆ ಕಾಲಿಡುವ ಹೊತ್ತಿಗೆ ಎಷ್ಟೋ ಸಲ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಹತ್ತನೆಯವರಿಗೆ ಪುನರಾವರ್ತನೆ ಶುರುವಾಗಿರುತ್ತದೆ. ಅಷ್ಟು ಹೊತ್ತಿಗೆ ಬಂದವರನ್ನು ಹೆಡ್‌ಮಾಸ್ಟ್ರು ಹತ್ತನೇ ತರಗತಿಗೆ ಬಿಡದಿದ್ದರೆ ಅವರನ್ನು ಬೈಯಲು ನನ್ನಿಂದಾಗದು. ಶಾಲೆಯ ಕ್ಯಾಲೆಂಡರು ಜೂನಿಗೆ ತೆರೆಯುತ್ತದೆ ಎಂಬುದು ವಿಶ್ವವಿದ್ಯಾಲಯಗಳಿಗೆ ತಿಳಿಯದ ಸಂಗತಿಯೇನಲ್ಲ. ಎರಡನೇ ವರ್ಷದ 16 ವಾರ ಜೂನ್ ಮೊದಲ ವಾರದಿಂದಲೇ ಎಂದು ಒಂದು ಸಾಲಿನ ಸುತ್ತೋಲೆ ಹೊರಡಿಸಲಿ. ಪಾಠದ ಯೋಜನೆಯನ್ನು ಐದು ಹಂತದಲ್ಲಿ ಬರೆಯಬೇಕೋ ಏಳು ಹಂತದಲ್ಲೋ ಎಂಬುದನ್ನು ಆಮೇಲೆ ನಿಧಾನವಾಗಿ ಚರ್ಚಿಸಬಹುದು.